ಅಕ್ಕ ಕೇಳಿದ ಪ್ರಶ್ನೆ

"ಪ್ರಶ್ನೆ ಎಲ್ಲಿ?" ಎಂದು ವಕೀಲರು ಕೇಳಿದೊಡನೆ, ಚಿತ್ರವನ್ನು ಸಂಕಲಿಸಿದ್ದ ತಂಗಿಯ ಬೆರಳು ಗುಂಡಿಯ ಮೇಲೆಯೇ ನಿಂತಿತು. ಸೈನಿಕರು ತನ್ನ ಮಗನನ್ನು ಎಳೆದೊಯ್ದ ದಿನವನ್ನು ವಿವರಿಸುತ್ತಿದ್ದ ತಾಯಿಯ ಬಾಯಿ ಪರದೆಯ ಮೇಲೆ ಅರ್ಧ ತೆರೆದೇ ಉಳಿಯಿತು. "ಸಾಕ್ಷ್ಯಚಿತ್ರ ಚೆನ್ನಾಗಿದೆ ಮೇಡಂ. ಆದರೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಎದುರುಪಕ್ಷದವರು ಸುಮ್ಮನಿರ್ತಾರಾ? ಈಕೆಗೆ ಹೇಳಿಕೊಟ್ಟು ಹೇಳಿಸಿದ್ದಾರೆ ಅಂತಾರೆ. ನೀವು ಏನು ಕೇಳಿದಿರಿ ಅಂತ ಗೊತ್ತಾಗದಿದ್ರೆ ಈ ಸಾಕ್ಷ್ಯ ನಿಲ್ಲೋದಿಲ್ಲ."

ಆ ತಾಯಿಗೆ ಪ್ರಶ್ನೆ ಕೇಳಿದವಳು ಅಕ್ಕ, ಚಿತ್ರದ ನಿರ್ದೇಶಕಿ. ಚಪ್ಪಾಳೆ, ಬಹುಮಾನ, ಪತ್ರಿಕೆಯ ಭಾವಚಿತ್ರ ಎಲ್ಲವೂ ಅವಳ ಪಾಲಿಗೆ. ಕಿಟಕಿಯಿಲ್ಲದ ಈ ಸಂಕಲನದ ಕೋಣೆ ತಂಗಿಯ ಪಾಲಿಗೆ. ಗುರುತಿಲ್ಲದ ಹೆಂಗಸರೂ ಅಕ್ಕನನ್ನು 'ಮಗಳೇ' ಎಂದು ಕರೆಯುವುದನ್ನು ಕಂಡು ಹೊಟ್ಟೆಯುರಿದು, ಅವಳ ದನಿ ಬಂದಲ್ಲೆಲ್ಲ ತಂಗಿ ಕಿವಿಗೊಡದೆ ಮುಂದೋಡಿಸಿ, ಚಿತ್ರದಿಂದ ಕತ್ತರಿಸಿಬಿಟ್ಟಿದ್ದಳು. "ನಿನ್ನ ಗಂಟಲಿಲ್ಲದಿದ್ರೂ ಸಿನಿಮಾ ಓಡುತ್ತೆ ಕಣೇ" ಎಂದು ಕುಟುಕಿದಾಗ ಅಕ್ಕ ನಕ್ಕು, "ನಿನ್ನಿಷ್ಟ ಮಹಾರಾಯ್ತಿ" ಎಂದಿದ್ದಳಷ್ಟೆ.

ಈಗ ಕತ್ತರಿಸದ ಮೂಲ ಚಿತ್ರಣವನ್ನು ಮೊದಲಿನಿಂದ ಹಾಕದೆ ಗತಿಯಿರಲಿಲ್ಲ. ಅದರಲ್ಲಿ ಆ ತಾಯಿ, "ನಾನು ಹೇಳೋದು ನಿಜವಾಗ್ಲೂ ನ್ಯಾಯಾಧೀಶರ ತನಕ ಹೋಗುತ್ತಾ, ಮಗಳೇ?" ಎಂದಳು. ಉತ್ತರವಾಗಿ ಅಕ್ಕನ ದನಿ ಎದ್ದಿತು. ಅಭ್ಯಾಸಬಲದಿಂದ ಮುಂದೋಡಿಸಲು ಹೋದ ಬೆರಳನ್ನು ತಂಗಿ ಇನ್ನೊಂದು ಕೈಯಿಂದ ಹಿಡಿದುಕೊಂಡಳೆಂದು ವಕೀಲರು ಇಂದಿಗೂ ಹೇಳುತ್ತಾರೆ.

"ಹೋಗುತ್ತಮ್ಮಾ. ಇದನ್ನು ಜೋಡಿಸೋಳು ನನ್ನ ತಂಗಿ. ಅವಳು ಒಂದು ಮಾತನ್ನೂ ಬಿಡೋಳಲ್ಲ. ಈಗ ಹೇಳಿ, ಅವತ್ತು ಏನಾಯ್ತು?"