ನೀಲಿ ಕೋಟಿನ ಕೊನೆಯ ದಿನ

"ಮುಷ್ಟಿ ಬಿಚ್ಚು," ಎಂದಳು ಮೇಟ್ರನ್.

ಹುಡುಗಿ ಬಿಚ್ಚಿದಳು. ಅಂಗೈಯಲ್ಲಿ ಮಗುವಿನ ಕೈಗಾಗುವಂಥ ಬೆಳ್ಳಿ ಬಳೆ. ಮೂಲೆಕೋಣೆಯ ಮುದುಕನದು. ಸಿಕ್ಕಿಬಿದ್ದಳು!

ಮುದುಕ ಎಂದೋ ತನ್ನ ದೇಶ ಬಿಟ್ಟು ಬಂದು, ಹಡಗು ಕಟ್ಟುವಲ್ಲಿ ಬೆಸುಗೆ ಹಾಕುತ್ತ ವಯಸ್ಸು ಕಳೆದವನು. ಈಗ ಹೆಂಡತಿಯ ಹೆಸರೂ ನೆನಪಿಲ್ಲ. ನಾಲ್ಕು ವರ್ಷದ ಮಗಳಿಗೆ ಈ ಬಳೆ ತೊಡಿಸಬೇಕು ಎನ್ನುವುದೊಂದೇ ಉಳಿದಿದೆ. ಅಂಥ ಮಗು ಇದ್ದದ್ದು ನಿಜವೋ, ಬರೀ ಭ್ರಮೆಯೋ, ವೃದ್ಧಾಶ್ರಮದಲ್ಲಿ ಯಾರಿಗೂ ತಿಳಿಯದು.

"ಅವರೇ ಕೊಟ್ರು ಮೇಡಂ."

"ಕೊಡ್ತಾರೆ, ಕೊಡ್ದೆ ಏನು! ನಾಳೆ ಹೋಗಿ ನಿಂತ್ರೆ ನಿನ್ನ ಮುಖಾನೇ ನೆನಪಿರಲ್ಲ ಅವರಿಗೆ."



ಮೇಟ್ರನ್‌ಗೆ ಮೊದಲಿನಿಂದಲೂ ಅನುಮಾನವೇ. ಹೊರದೇಶದಿಂದ ನರ್ಸಿಂಗ್ ಓದಲು ಬಂದ ಹುಡುಗಿ ಇವಳು. ಇಂಥವರು ಕಾಲೇಜಿನ ಹೊರಗೆ ತರಬೇತಿಗೆ ಹೋಗಬೇಕಾದರೆ ಅನುಮತಿ ಬೇಕು. ಅದರಲ್ಲಿ ನಮೂದಿಸಿದ ಜಾಗ ಬಿಟ್ಟು ಬೇರೆಲ್ಲೂ ಕೆಲಸ ಮಾಡುವಂತಿಲ್ಲ. ಜೊತೆಯವರೆಲ್ಲ ಸಂಬಳ ಕೊಡುವ ದೊಡ್ಡ ಆಸ್ಪತ್ರೆಗಳಿಗೆ ಮುಗಿಬಿದ್ದರೆ, ಇವಳು ಬಿಡಿಗಾಸೂ ಸಿಗದ ಈ ವೃದ್ಧಾಶ್ರಮವನ್ನು ಹಟ ಹಿಡಿದು ಬರೆಸಿಕೊಂಡಳು. ಬಂದವಳೇ ಮೂಲೆಕೋಣೆ ಕೇಳಿದಳು. ಅವರ ಭಾಷೆ ನನಗೆ ಬರುತ್ತದೆ ಎಂದಳು. ಹೂಂ, ಯಾಕೆಂದು ಈಗ ಗೊತ್ತಾಯಿತಲ್ಲ.

ಆದರೂ ಅವಳ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಮುದುಕ ಹತ್ತಿರ ಬರಗೊಡುತ್ತಿದ್ದುದು ನರ್ಸುಗಳ ನೀಲಿ ಕೋಟು ತೊಟ್ಟವರನ್ನು ಮಾತ್ರ. ಅವಳ ಕೋಟು ಕಂಡರೆ "ಸಿಸ್ಟರ್ ಬಂದ್ರು" ಎಂದು ಬಾಯಿ ತೆರೆಯುತ್ತಿದ್ದ. ಅವಳು ತುತ್ತಿಡುತ್ತಿದ್ದಳು, ಗಡ್ಡ ಹೆರೆಯುತ್ತಿದ್ದಳು. ಬೇರೆ ಬಟ್ಟೆಯವರು ಹೊಸ್ತಿಲು ಮೆಟ್ಟಿದರೆ ಮಾತ್ರ ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದ. ಕಳೆದ ಬೇಸಿಗೆಯಲ್ಲಿ, ಮೇಟ್ರನ್ ರಜೆಯಲ್ಲಿದ್ದಾಗ, ನೋಡಲು ಬಂದ ಯಾರಿಗೋ ಸ್ಟೀಲ್ ಲೋಟ ಬೀಸಿ ರಕ್ತ ಬರಿಸಿದ್ದನಂತೆ.

"ಇವತ್ತಿಗೆ ನಿನ್ನ ಅನುಮತಿ ಮುಗೀತು. ಬಳೆ ಇಲ್ಲಿ ಕೊಟ್ಟು, ಕೋಟು ಬಿಚ್ಚಿಟ್ಟು ಹೊರಡು."

"ಸಂಬಳ ಬೇಡ ಮೇಡಂ. ಕೋಟೊಂದು ಕೊಡಿ ಸಾಕು. ಬಂದು ಊಟ ಮಾಡಿಸಿ ಹೋಗ್ತೀನಿ."

"ಬಿಟ್ಟಿ ಮಾಡಿದ್ರೂ ಅದು ಕೆಲಸಾನೇ ಕಣಮ್ಮ. ಅನುಮತಿ ಇಲ್ದೆ ಸಿಕ್ಕಿಬಿದ್ರೆ ನಿಂಗೆ ಓದೂ ಇಲ್ಲ, ಈ ದೇಶಾನೂ ಇಲ್ಲ. ಕಾಲೇಜಿನವರು ಇನ್ನಷ್ಟು ದಿನ ಕೊಡಲ್ವಂತಾ?"

"ಕೋರ್ಸಿಗೆ ಬೇಕಾದಷ್ಟು ಆಯ್ತಂತೆ."

ಹುಡುಗಿ ಗುಂಡಿ ಬಿಚ್ಚಿದಳು. ಕೋಟನ್ನು ಮಡಚಿ ಮೇಜಿನ ಮೇಲಿಟ್ಟು, ಬಳೆಯನ್ನು ಅದರ ಮೇಲಿಟ್ಟಳು.

"ಸಿಸ್ಟರ್!" ಮೂಲೆಕೋಣೆಯಿಂದ ಕೂಗು ಬಂತು. "ಸಿಸ್ಟರ್, ಹಸಿವು!"

ಅವಳು ಅತ್ತ ಓಡಲು ತಿರುಗಿದಳು. ಮೈಮೇಲಿನ ಬಟ್ಟೆ ನೋಡಿಕೊಂಡು ನಿಂತುಬಿಟ್ಟಳು. ಕಣ್ಣು ತುಂಬಿ ಬಂತು. ಮೇಟ್ರನ್ ಅವಳನ್ನೇ ನೋಡಿದಳು. ಕಳ್ಳಿಯಾದವಳು ಹೀಗೆ ಅಳುತ್ತಾಳೆಯೇ?

"ಇಷ್ಟು ಹಚ್ಕೊಂಡಿದ್ರೆ ಭಾನುವಾರ ನೋಡೋಕೆ ಬಾರಮ್ಮ, ನೆಂಟರಿಷ್ಟರ ಹಾಗೆ. ಅದಕ್ಕೆ ಯಾರ ಅನುಮತೀನೂ ಬೇಡ."

ಹುಡುಗಿ ಕಣ್ಣೊರೆಸಿಕೊಂಡಳು. ಹಣೆಗೆ ಸದಾ ಇಳಿಬಿಟ್ಟಿರುತ್ತಿದ್ದ ಕೂದಲು ಪಕ್ಕಕ್ಕೆ ಸರಿಯಿತು. ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗಾಯದ ಗುರುತು.

"ಹಾಗೇ ಬಂದಿದ್ದೆ ಮೇಡಂ, ಬೇಸಿಗೇಲಿ. ಬಾಗಿಲಲ್ಲಿ ನಿಂತು 'ಅಪ್ಪಾ, ನಾನು' ಅಂದೆ. ಲೋಟ ಎಸೆದ್ರು."