ಉಪ್ಪಿನ ಗಂಟಿನ ಕಾವು

ಕ್ಯಾನ್ಸರಿಗೆ ಕೊಯ್ದು ತೆಗೆದ ಜಾಗದಲ್ಲಿ ನೀಲಮ್ಮನಿಗೆ ಹೊಸ ಮೊಲೆ ಕಟ್ಟಿದಾಗ, ಇಂಥವರಿಗೆಲ್ಲ ಮಾಡುವ ಹಾಗೆ ಡಾಕ್ಟರು ಅದರ ಸ್ಪರ್ಶವನ್ನು, ಅದಕ್ಕೆ ತಗಲಿದ್ದು ಮನೆಯವರೊಬ್ಬರಿಗೆ ತಿಳಿಯುವಂತೆ, ಅವರ ಮೈಗೆ ಹೊಂದಿಸಿದ್ದರು. ಹೊಸ ಚರ್ಮಕ್ಕೆ ತನ್ನದೇ ಅರಿವು ಇರುವುದಿಲ್ಲವಲ್ಲ. ಅವಳು ಗಂಡ ಫಕೀರಪ್ಪನ ಹೆಸರು ಹೇಳಿದ್ದಳು.

ಅಂದಿನಿಂದ ಕಫ ಕಟ್ಟಿದಾಗಲೆಲ್ಲ ಅವಳು ಅಡುಗೆಮನೆಯಲ್ಲಿ ಉಪ್ಪಿನ ಗಂಟು ಕಾಯಿಸಿ ಎದೆಗೆ ಒತ್ತಿಕೊಂಡರೆ, ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಅವನು, "ಸುಡಾಕತ್ತೈತಿ, ತಗಿ," ಎನ್ನುತ್ತಿದ್ದ. ಅವನು ಸುಮ್ಮನಿದ್ದರೆ ಕಾವು ಹದವಾಗಿದೆ ಎಂದರ್ಥ.

ಫಕೀರಪ್ಪ ತೀರಿಕೊಂಡ ಮೇಲೆ ಮಗಳು ಸುವರ್ಣಾ, "ಆ ಸ್ಪರ್ಶ ಇನ್ನ ನನಗ ಹಾಕಿಸವ್ವ," ಎಂದಿದ್ದಳು. "ವರ್ಷ ತುಂಬಲಿ," ಎಂದಿದ್ದಳು ನೀಲಮ್ಮ.

ಚಳಿಗಾಲ ಬಂತು. ಕೆಮ್ಮು ಬಿಡದ ಒಂದು ಮುಂಜಾನೆ ಅವಳು ಗಂಟು ಕಾಯಿಸಿ ಎದೆಗಿಟ್ಟು, ಎಂದಿನಂತೆ ಪಡಸಾಲೆಯ ಕಡೆ ಕಿವಿಗೊಟ್ಟು ಕೂತಳು. ಕುಪ್ಪಸ ಕಮರಿದ ವಾಸನೆಗೆ ಓಡಿಬಂದ ಸುವರ್ಣಾ ಗಂಟು ಕಿತ್ತೆಸೆದಳು. ಒಳಗೆ ಬೊಬ್ಬೆ ಎದ್ದಿತ್ತು.

"ಯವ್ವಾ, ಇಷ್ಟು ಸುಟ್ಟೈತಿ, ಗೊತ್ತಾಗಲಿಲ್ಲೇನು?"

ನೀಲಮ್ಮ ಬೊಬ್ಬೆಯ ಮೇಲೆ ಬೆರಳಾಡಿಸಿದಳು. ನೋವೇನೂ ಇರಲಿಲ್ಲ.

"ನಿಮ್ಮಪ್ಪ ಏನೂ ಅನ್ನಲಿಲ್ಲಲ್ಲವ್ವ," ಎಂದಳು.