ಮೊದಲು ಗೆಲುವು, ಆಮೇಲೆ ಕಾಡಿನ ರಾಜ

"ನಿಮ್ಮ ಯಜಮಾನರ ಹೆಸರೇನಮ್ಮಾ?"

ಡಾಕ್ಟರಮ್ಮ ಕೇಳಿದ್ದೇ ತಡ, ಸೀತಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟರು. ಅದಕ್ಕೆ ಮುಂಚೆ ಕೇಳಿದ ವಾರ, ತಿಂಗಳು, ಇಸವಿ ಯಾವುದಕ್ಕೂ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಡಾಕ್ಟರಮ್ಮ ಇನ್ನೊಂದು ಸಲ ಕೇಳಿದರು. ಸೀತಮ್ಮ ತಲೆ ತಗ್ಗಿಸಿದರು. ಕಾಗದದ ಮೇಲೆ ಸೊನ್ನೆ ಬಿತ್ತು.

"ಯಾಕೆ ಸೊನ್ನೆ?" ಪಕ್ಕದಲ್ಲಿ ಕೂತಿದ್ದ ಗಂಡ ಜಯಸಿಂಹ ರೇಗಿದರು. "ಅವಳಿಗೆ ಗೊತ್ತಿದೆ ಡಾಕ್ಟ್ರೇ, ಹೇಳಲ್ಲ ಅಷ್ಟೇ. ಮದುವೆಯಾಗಿ ಐವತ್ತೊಂದು ವರ್ಷ ಆಯ್ತು, ಒಂದು ದಿನ ಬಾಯಿಬಿಟ್ಟು ಹೇಳಿಲ್ಲ. ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿ ಆಗುತ್ತಂತೆ!"

"ಉತ್ತರ ಬಂದ್ರೆ ಮಾರ್ಕ್ಸ್ ಸಾರ್. ನಗೋದಕ್ಕೆಲ್ಲ ಕಾಲಂ ಇಲ್ಲ."

ಕಾಲಂ ಇಲ್ಲವಂತೆ! ಜಯನಗರದ ಮನೆ ತಲುಪುವವರೆಗೂ ಜಯಸಿಂಹ ಆಟೋದಲ್ಲಿ ಗೊಣಗುತ್ತಲೇ ಇದ್ದರು. ಮಗಳು ಶೃತಿ ಹುಟ್ಟಿದಾಗಿನ ಕಥೆ ಆ ಡಾಕ್ಟರಮ್ಮನಿಗೇನು ಗೊತ್ತು? ಆಸ್ಪತ್ರೆಯ ಗುಮಾಸ್ತ ಮಗುವಿನ ತಂದೆಯ ಹೆಸರು ಕೇಳಿದ್ದಕ್ಕೆ ಸೀತಮ್ಮ, "ಮೊದಲು ಗೆಲುವು, ಆಮೇಲೆ ಕಾಡಿನ ರಾಜ" ಎಂದು ಒಗಟು ಒಡ್ಡಿದ್ದರು. ಮಹಾ ಬುದ್ಧಿವಂತ ಅವನು, ‘ವಿಜಯರಾಜ’ ಎಂದು ಬರೆದುಕೊಂಡಿದ್ದ. ಅದನ್ನು ತಿದ್ದಿಸುವಷ್ಟರಲ್ಲಿ ಜಯಸಿಂಹರ ಒಂದು ಜೊತೆ ಚಪ್ಪಲಿ ಸವೆದಿತ್ತು. "ಸಾಯೋದ್ರೊಳಗೆ ಒಂದೇ ಒಂದ್ಸಲ ನಿನ್ನ ಬಾಯಲ್ಲಿ ನನ್ನ ಹೆಸರು ಕೇಳ್ಬೇಕು ಕಣೇ" ಎಂದು ಅವತ್ತು ಹೆಂಡತಿಯನ್ನು ರೇಗಿಸಿದ್ದರು. "ಥೂ, ಬಿಡ್ತು ಅನ್ರೀ" ಎಂದು ಸೀತಮ್ಮ ಗದರಿದ್ದರು.

ಈಗ ಹೆಸರಿನ ಆಸೆ ಯಾರಿಗಿತ್ತು? ಆ ನಗು ಬಂದರೆ ಸಾಕಿತ್ತು. ಸೀತಮ್ಮ "ಏನೂಂದ್ರೆ" ಎಂದು ಕರೆಯುವುದು ನಿಂತು ಮೂರು ತಿಂಗಳಾಗಿತ್ತು. ಹೆತ್ತ ಮಗಳನ್ನೇ "ಟೀಚರ್" ಎನ್ನುತ್ತಿದ್ದರು. ಅದಕ್ಕೇ ದಿನಾ ಮಧ್ಯಾಹ್ನ, ಶೃತಿ ಆಫೀಸಿನಲ್ಲಿರುವ ಹೊತ್ತಿನಲ್ಲಿ, ಜಯಸಿಂಹ ಹೆಂಡತಿಯ ಎದುರು ಕೂತು "ನಿನ್ನ ಗಂಡನ ಹೆಸರೇನೇ?" ಎಂದು ಕೇಳುವರು. ಸೆರಗು ಬಾಯಿಗೆ ಹೋದರೆ, ಸದ್ಯ, ಇವಳೊಳಗೆ ನಾನಿನ್ನೂ ಇದ್ದೇನೆ ಎಂದು ಸಮಾಧಾನ. ಅವತ್ತಿನ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಇವತ್ತು ಆ ಪ್ರಶ್ನೆ ಬೆಳಿಗ್ಗೆಯೇ ಮುಗಿದಿತ್ತಲ್ಲ. ಸಂಜೆ ಐದರ ಹೊತ್ತಿಗೆ, ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಹಿತಕಲು ಕೂತರು. ಸೀತಮ್ಮನ ತಲೆ ಮರೆತದ್ದನ್ನು ಬೆರಳು ಮರೆತಿರಲಿಲ್ಲ. ಪಟಕ್ ಪಟಕ್ ಎಂದು ಬೇಳೆ ತಟ್ಟೆಗೆ, ಸಿಪ್ಪೆ ಪಕ್ಕಕ್ಕೆ. ಜಯಸಿಂಹ ಹಿತಕಿದ ಕಾಳು ಮಾತ್ರ ಹಾರಿ ಸೋಫಾ ಕೆಳಗೆ ಹೋಯಿತು. ಸೀತಮ್ಮ ಜೋರಾಗಿ ನಕ್ಕರು. ಎಷ್ಟು ದಿನವಾಗಿತ್ತೋ ಆ ಮನೆಯಲ್ಲಿ ಅಂಥ ನಗು ಕೇಳಿ!

"ಹಾಗಲ್ಲ, ಹೀಗೆ ನೋಡಿ. ನಿಮಗೆ ಅಭ್ಯಾಸ ಇಲ್ಲ ಅನ್ಸುತ್ತೆ."

"ನನಗೆ ಬರೀ ತಿಂದು ಅಭ್ಯಾಸ," ಎಂದರು ಜಯಸಿಂಹ.

ಸೀತಮ್ಮ ಮತ್ತೆ ನಕ್ಕರು. ಗಂಡನ ಮುಖವನ್ನೇ ನೋಡುತ್ತ, "ನಿಮ್ಮ ಹೆಸರೇನು?" ಎಂದು ಕೇಳಿದರು.

ಜಯಸಿಂಹರ ಕೈ ನಿಂತಿತು. ಈ ಒಗಟನ್ನು ಹೇಳಿದರೆ ಎಲ್ಲ ನೆನಪಾದೀತು, ಸೆರಗು ಬಾಯಿಗೆ ಹೋದೀತು ಎಂಬ ಹುಚ್ಚು ಆಸೆ.

"ಮೊದಲು ಗೆಲುವು," ಎಂದರು ಮೆಲ್ಲಗೆ, "ಆಮೇಲೆ ಕಾಡಿನ ರಾಜ."

ಸೀತಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದರು. "ಗೆಲುವು ಅಂದ್ರೆ... ಜಯ. ಕಾಡಿನ ರಾಜ ಸಿಂಹ. ಜಯಸಿಂಹ! ಸರಿನಾ?"

ಸೆರಗು ತೊಡೆಯ ಮೇಲೇ ಇತ್ತು. ಐವತ್ತೊಂದು ವರ್ಷ ಕಾದಿದ್ದ ಮಾತು, ಲಜ್ಜೆಯಿಲ್ಲ, ಅಳುಕಿಲ್ಲ, ಯಾರದೋ ಹೆಸರನ್ನು ಹೇಳಿದ ಹಾಗೆ ಬಂದುಬಿಟ್ಟಿತ್ತು. ಜಯಸಿಂಹರಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

"ಜಯಸಿಂಹ ಅವರೇ, ಕಾಫಿ ಕೊಡ್ತಿದ್ದೆ," ಸೀತಮ್ಮ ಗೋಡೆ ಗಡಿಯಾರದತ್ತ ನೋಡಿದರು. "ಆದ್ರೆ ನಮ್ಮನೆಯವರು ಆಫೀಸಿಂದ ಬರೋ ಹೊತ್ತು. ನಾನೊಬ್ಬಳೇ ಇರೋವಾಗ ಗಂಡಸರು ಹೀಗೆ ಒಳಗೆ ಕೂತಿದ್ರೆ ಅವರು ಏನಂದ್ಕೊಂಡಾರು? ನೀವು ಹೊರಡಿ."

"ನಾನೇ ಕಣೇ ನಿಮ್ಮನೆಯವರು!"

ಸೀತಮ್ಮ ಧಡಕ್ಕನೆ ಎದ್ದು ಗೋಡೆಗೆ ಒತ್ತಿ ನಿಂತರು. ತನ್ನನ್ನು ಕಂಡು ಇವಳು ಹೆದರುವುದೇ? ಜಯಸಿಂಹರಿಗೆ ಅದನ್ನು ನೋಡಲಾಗಲಿಲ್ಲ.

"ಆಯ್ತಮ್ಮಾ, ಹೊರಟೆ," ಎಂದರು. ಹೆಂಡತಿಯನ್ನು ಹಾಗೆ ಕರೆದದ್ದು ಅದೇ ಮೊದಲು.

ಚಪ್ಪಲಿ ಮೆಟ್ಟಿ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಂಡರು. ಗಂಟೆ ಐದೂವರೆ. ಒಂದು ಕಾಲದಲ್ಲಿ ಆಫೀಸಿನಿಂದ ಬರುತ್ತಿದ್ದುದೂ ಇದೇ ಹೊತ್ತಿಗೆ. ಆಗ ಬೆಲ್ಲನ್ನು ಎರಡು ಸಲ ಒತ್ತುತ್ತಿದ್ದರು, ಸೀತಮ್ಮ ಕೈ ಒರೆಸಿಕೊಳ್ಳುತ್ತ ಓಡಿ ಬರುತ್ತಿದ್ದರು. ಜಯಸಿಂಹ ತಲೆಗೂದಲು ಸರಿಮಾಡಿಕೊಂಡರು, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು. ಬೆಲ್ಲನ್ನು ಎರಡು ಸಲ ಒತ್ತಿದರು.

ಒಳಗೆ ಹೆಜ್ಜೆಗಳು ಓಡಿ ಬಂದವು. ಬಾಗಿಲು ತೆರೆಯಿತು. ಸೀತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಅವರ ಭುಜದಾಚೆ ಗೇಟಿನ ಕಡೆ ಕತ್ತು ಚಾಚಿ ನೋಡಿದರು. ಮುಖ ಬಾಡಿತು.

"ಆಗಲೇ ಹೇಳಿದ್ನಲ್ಲ ಜಯಸಿಂಹ ಅವರೇ," ಎಂದರು. "ಅವರಿನ್ನೂ ಬಂದಿಲ್ಲ."